ಷೆವಲಿಯರ್ ಡಿಯೋನ್: ಗೌನಿನ ಮೇಲೆ ಪದಕ ಧರಿಸಿದ ಕ್ಯಾಪ್ಟನ್

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ಸಿಎ ಫೌಂಡೇಶನ್ ತಯಾರಿ ಮಾಡುತ್ತಿರುವ ನಮ್ಮೆಲ್ಲರಿಗೂ ಭಾರತೀಯ ಕರಾರು ಕಾಯ್ದೆ, 1872ರ 30ನೇ ಸೆಕ್ಷನ್ ಬಾಯಿಪಾಠ. ಬಾಜಿ ಕಟ್ಟಿ ಮಾಡಿಕೊಂಡ ಒಪ್ಪಂದ ಅನೂರ್ಜಿತ, ಗೆದ್ದವನು ಕೋರ್ಟಿಗೆ ಹೋಗಿ ಹಣ ವಸೂಲಿ ಮಾಡುವಂತಿಲ್ಲ. ಉದಾಹರಣೆಗೆ ಎಲ್ಲರೂ ಕ್ರಿಕೆಟ್ ಮ್ಯಾಚನ್ನೋ ಮಳೆಯನ್ನೋ ಬರೆಯುತ್ತೇವೆ. ಬಾಜಿಯ ಹಳೆಯ ಮೊಕದ್ದಮೆಗಳನ್ನು ಹುಡುಕುತ್ತಿದ್ದಾಗ ನನಗೆ ಸಿಕ್ಕಿದ್ದು ಬೇರೆಯೇ ಉದಾಹರಣೆ. 1770ರ ದಶಕದ ಲಂಡನ್ನಿನಲ್ಲಿ ವ್ಯಾಪಾರಿಗಳು, ದಲ್ಲಾಳಿಗಳು, ವೈದ್ಯರು ಸೇರಿ ಒಬ್ಬ ಬದುಕಿರುವ ಮನುಷ್ಯರ ಮೇಲೆ ಬಾಜಿ ಕಟ್ಟಿದ್ದರು. ಪ್ರಶ್ನೆ ಇಷ್ಟೇ, ಈ ಸೈನ್ಯಾಧಿಕಾರಿ ಗಂಡೋ ಹೆಣ್ಣೋ? ಆ ಅಧಿಕಾರಿಯ ಹೆಸರು ಷೆವಲಿಯರ್ ಡಿಯೋನ್. ಮೊಕದ್ದಮೆ ಓದಲು ಹೋದವಳು ಅವರ ಇಡೀ ಜೀವನ ಓದಿಬಿಟ್ಟೆ.

ಮೊದಲೇ ಒಂದು ಮಾತು. ಈ ಲೇಖನದಲ್ಲಿ ನಾನು ಡಿಯೋನ್ ಅವರನ್ನು ಅವರು ಎಂದೇ ಬರೆಯುತ್ತೇನೆ. ಕನ್ನಡದಲ್ಲಿ ಈ ಅನುಕೂಲ ಇದೆ. ಮನೆಯಲ್ಲಿ ನಾನೀಮಾಗೆ ಉರ್ದುವಿನಲ್ಲಿ ಈ ಕಥೆ ಹೇಳಲು ಹೋಗಿ ಮೊದಲ ವಾಕ್ಯದಲ್ಲೇ ಸಿಕ್ಕಿಬಿದ್ದೆ. ಉರ್ದುವಿನ ವೋ ಎಂಬ ಪದ ಇಬ್ಬರಿಗೂ ಸಲ್ಲುತ್ತದೆ, ಆದರೆ ಕ್ರಿಯಾಪದ ಬಿಡುವುದಿಲ್ಲ. ಯುದ್ಧಕ್ಕೆ ಗಯಾ ಎನ್ನಬೇಕೋ, ಗಯೀ ಎನ್ನಬೇಕೋ? ಒಂದು ಸಲ ಹಾಗೆ, ಒಂದು ಸಲ ಹೀಗೆ ಹೇಳಿದೆ. ಮೊದಲು ಇಬ್ಬರ ಕಥೆಯೋ ಒಬ್ಬರ ಕಥೆಯೋ ತೀರ್ಮಾನ ಮಾಡಿಕೊಂಡು ಬಾ ಎಂದು ನಾನೀಮಾ ಬೈದರು.

ಡಿಯೋನ್ ಹುಟ್ಟಿದ್ದು 5 ಅಕ್ಟೋಬರ್ 1728ರಂದು, ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ತೊನೇರ್ ಎಂಬ ಸಣ್ಣ ಊರಿನಲ್ಲಿ. ತಂದೆ ವಕೀಲರು. ಮಗುವಿಗೆ ಶಾರ್ಲ್, ಜೆನೆವಿಯೆವ್, ಲೂಯಿ, ಒಗುಸ್ತ್, ಆಂದ್ರೆ, ತಿಮೊತೆ ಎಂದು ಸಾಲು ಹೆಸರು ಇಟ್ಟರು. ಇದರಲ್ಲಿ ಜೆನೆವಿಯೆವ್ ಹೆಣ್ಣುಮಕ್ಕಳ ಹೆಸರು. ಗಂಡುಮಗನಾಗಿ ಬೆಳೆದ ಡಿಯೋನ್ ಪ್ಯಾರಿಸ್ಸಿನಲ್ಲಿ ಓದಿ 1749ರಲ್ಲಿ ಕಾನೂನು ಪದವಿ ಪಡೆದರು. ಅವರು ಬರೆದ ಆರಂಭದ ಪುಸ್ತಕಗಳಲ್ಲೊಂದು 1753ರಲ್ಲಿ ಬಂತು. ಅದರ ವಿಷಯ ಯುದ್ಧವೂ ಅಲ್ಲ, ಪ್ರೇಮವೂ ಅಲ್ಲ, ಫ್ರಾನ್ಸಿನ ಹಣಕಾಸಿನ ಇತಿಹಾಸ. ಕಾಮರ್ಸ್‌ನವರು ಹೆಮ್ಮೆ ಪಡಬಹುದು.

ಆಗ ಫ್ರಾನ್ಸಿನ ದೊರೆ ಹದಿನೈದನೇ ಲೂಯಿ. ಅವನಿಗೆ ತನ್ನ ಮಂತ್ರಿಗಳಿಗೂ ತಿಳಿಯದ ಒಂದು ಗೂಢಚಾರ ಜಾಲವಿತ್ತು. 1756ರಲ್ಲಿ ಡಿಯೋನ್ ಅದರೊಳಗೆ ಸೇರಿ ರಷ್ಯಾಕ್ಕೆ ಹೋದರು. ಹೊರಗೆ ನೋಡಿದರೆ ರಾಯಭಾರ ಕಚೇರಿಯ ಕಾರ್ಯದರ್ಶಿ, ಒಳಗೆ ರಾಜನ ಗುಪ್ತ ಪತ್ರಗಳನ್ನು ಸಾಗಿಸುವವರು. ಈ ಭಾಗದಲ್ಲಿ ಒಂದು ಪ್ರಸಿದ್ಧ ಕಥೆ ಇದೆ. ಡಿಯೋನ್ ಹುಡುಗಿಯ ವೇಷ ಹಾಕಿಕೊಂಡು, ಲಿಯಾ ಎಂಬ ಹೆಸರಿನಲ್ಲಿ, ರಷ್ಯಾದ ಮಹಾರಾಣಿ ಎಲಿಜಬೆತ್‌ಗೆ ಪುಸ್ತಕ ಓದಿ ಹೇಳುವ ಕೆಲಸಕ್ಕೆ ಸೇರಿದ್ದರು ಎಂಬುದು ಆ ಕಥೆ. ಸಿನಿಮಾಕ್ಕೆ ಚೆನ್ನಾಗಿದೆ, ಆದರೆ ಇತಿಹಾಸಕಾರರು ಇದಕ್ಕೆ ಪುರಾವೆ ಇಲ್ಲ ಎನ್ನುತ್ತಾರೆ. ಎಲಿಜಬೆತ್ ಅರಮನೆಯಲ್ಲಿ ಗಂಡಸರು ಹೆಂಗಸರ ಉಡುಪಿನಲ್ಲಿ, ಹೆಂಗಸರು ಗಂಡಸರ ಉಡುಪಿನಲ್ಲಿ ಬರಬೇಕಾದ ನೃತ್ಯಕೂಟಗಳು ನಡೆಯುತ್ತಿದ್ದದ್ದು ಮಾತ್ರ ನಿಜ. ಡಿಯೋನ್ ಸ್ತ್ರೀ ಉಡುಪು ತೊಟ್ಟಿದ್ದನ್ನೆಲ್ಲ ಗೂಢಚಾರಿಕೆಯ ಲೆಕ್ಕಕ್ಕೆ ಸೇರಿಸಿಬಿಟ್ಟರೆ ಕಥೆ ಸುಲಭವಾಗುತ್ತದೆ. ಅವರು ನಿಜವಾಗಿ ಸ್ತ್ರೀ ಉಡುಪಿನಲ್ಲಿ ಬದುಕಿದ್ದು ಗೂಢಚಾರಿಕೆ ಮುಗಿದ ಮೇಲೆ.

ಈಗ ಸೈನ್ಯದ ವಿಷಯ. ಯೂರೋಪಿನಲ್ಲಿ ಏಳು ವರ್ಷಗಳ ಯುದ್ಧ ನಡೆಯುತ್ತಿತ್ತು. 1760ರಲ್ಲಿ ರಷ್ಯಾದಿಂದ ಮರಳಿದ ಡಿಯೋನ್ 1761ರಲ್ಲಿ ಡ್ರಗೂನ್ ದಳದ ಕ್ಯಾಪ್ಟನ್ ಆಗಿ ಜರ್ಮನಿಯ ಯುದ್ಧಭೂಮಿಗೆ ಹೋದರು. ಡ್ರಗೂನ್ ಎಂದರೆ ಕುದುರೆಯ ಮೇಲೆ ಸಾಗಿ, ಬೇಕಾದರೆ ಇಳಿದೂ ಹೋರಾಡುವ ಸೈನಿಕರು. ಮಾರ್ಷಲ್ ಬ್ರೋಯ್ ಅವರ ಕೈಕೆಳಗೆ ಹೋರಾಡಿದರು, ಗಾಯಗೊಂಡರು. ಸೈನ್ಯದಲ್ಲಿ ಇದ್ದ ಕಾಲ ಹೆಚ್ಚೇನಲ್ಲ. ಆದರೆ ಮುಂದೆ ಸುಮಾರು ಐವತ್ತು ವರ್ಷ, ಯಾವ ಉಡುಪಿನಲ್ಲಿದ್ದರೂ, ಅವರು ತಮ್ಮನ್ನು ಡ್ರಗೂನ್ ದಳದ ಕ್ಯಾಪ್ಟನ್ ಎಂದೇ ತಿಳಿದುಕೊಂಡಿದ್ದರು.

1762ರಲ್ಲಿ ಶಾಂತಿ ಮಾತುಕತೆಗೆಂದು ಅವರನ್ನು ಲಂಡನ್ನಿಗೆ ಕಳಿಸಿದರು. ಮರುವರ್ಷ ಫೆಬ್ರವರಿ 10ರಂದು ಪ್ಯಾರಿಸ್ ಒಪ್ಪಂದಕ್ಕೆ ಸಹಿ ಬಿತ್ತು. ನಮ್ಮ ಇತಿಹಾಸ ಪುಸ್ತಕದಲ್ಲಿ ಕರ್ನಾಟಿಕ್ ಯುದ್ಧಗಳ ಕೊನೆಯಲ್ಲಿ ಬರುವುದು ಇದೇ ಒಪ್ಪಂದ, ಬ್ರಿಟಿಷರು ಕಿತ್ತುಕೊಂಡಿದ್ದ ಪಾಂಡಿಚೇರಿ ಫ್ರೆಂಚರಿಗೆ ವಾಪಸ್ ಸಿಕ್ಕಿದ್ದು ಇದರಿಂದಲೇ. ಅದರ ಹಿಂದಿನ ಕಾಗದಪತ್ರದ ಕೆಲಸದಲ್ಲಿ ಡಿಯೋನ್ ಕೈ ಇತ್ತು. ಇದಕ್ಕಾಗಿ ದೊರೆ ಅವರಿಗೆ ಸೇಂಟ್ ಲೂಯಿ ಶಿಲುಬೆ ಎಂಬ ಪದಕ ಕೊಟ್ಟ. ಅದು ಸೈನ್ಯಾಧಿಕಾರಿಗಳ ಪದಕ, ಪಡೆದವರು ಷೆವಲಿಯರ್ ಎನಿಸಿಕೊಳ್ಳುತ್ತಿದ್ದರು. ಈ ಪದಕವನ್ನು ನೆನಪಿಟ್ಟುಕೊಳ್ಳಿ, ಕೊನೆಯವರೆಗೂ ಬರುತ್ತದೆ.

ಆ ಬೇಸಿಗೆಯಲ್ಲಿ ಡಿಯೋನ್ ಲಂಡನ್ನಿನಲ್ಲಿ ಫ್ರಾನ್ಸಿನ ಹಂಗಾಮಿ ಪ್ರತಿನಿಧಿಯಾದರು. ಖರ್ಚೂ ಧಾರಾಳವಾಗಿ ಮಾಡಿದರು. ಅದೇ ಹೊತ್ತಿಗೆ ರಾಜನ ಗುಪ್ತ ಆಜ್ಞೆಯಂತೆ, ಮುಂದೆಂದಾದರೂ ಇಂಗ್ಲೆಂಡಿನ ಮೇಲೆ ದಾಳಿ ಮಾಡಲು ಅದರ ಕರಾವಳಿಯ ಸಮೀಕ್ಷೆಯ ಉಸ್ತುವಾರಿಯೂ ಅವರದಾಗಿತ್ತು. ಅಕ್ಟೋಬರಿನಲ್ಲಿ ಕೌಂಟ್ ಗೆರ್ಶಿ ಎಂಬವರು ಕಾಯಂ ರಾಯಭಾರಿಯಾಗಿ ಬಂದರು. ಡಿಯೋನ್ ಮತ್ತೆ ಬರೀ ಕಾರ್ಯದರ್ಶಿ. ಖರ್ಚಿನ ಬಿಲ್ಲಿನ ಬಗ್ಗೆ ಜಗಳ, ಸ್ಥಾನದ ಬಗ್ಗೆ ಜಗಳ. ಊರಿಗೆ ವಾಪಸ್ ಬಾ ಎಂದರೆ ಬರಲಿಲ್ಲ. ಗೆರ್ಶಿ ತನಗೆ ಮದ್ದು ಹಾಕಿದ ಎಂದು ಆರೋಪಿಸಿದರು. 1764ರಲ್ಲಿ ರಾಯಭಾರ ಕಚೇರಿಯ ರಹಸ್ಯ ಪತ್ರಗಳನ್ನೇ ಪುಸ್ತಕವಾಗಿ ಅಚ್ಚು ಹಾಕಿಸಿದರು. ಇಡೀ ಯೂರೋಪು ಬೆಚ್ಚಿಬಿತ್ತು. ಆದರೂ ಕರಾವಳಿ ಸಮೀಕ್ಷೆಯ ಕಾಗದಗಳನ್ನು ಮಾತ್ರ ಹೊರಗೆ ಬಿಡದೆ ಇಟ್ಟುಕೊಂಡರು. ಅವು ಇರುವವರೆಗೆ ದೊರೆ ಅವರನ್ನು ಮುಟ್ಟುವಂತಿರಲಿಲ್ಲ. 1766ರಲ್ಲಿ ದೊರೆಯೇ ವರ್ಷಕ್ಕೆ 12,000 ಲಿವ್ರ್ ಪಿಂಚಣಿ ಗೊತ್ತುಮಾಡಿದ. ಇದನ್ನು ನಿಷ್ಠೆ ಎನ್ನಬೇಕೋ ಬ್ಲ್ಯಾಕ್‌ಮೇಲ್ ಎನ್ನಬೇಕೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಎರಡೂ ಸ್ವಲ್ಪ ಸ್ವಲ್ಪ ಇರಬೇಕು.

1770ರ ಹೊತ್ತಿಗೆ ಗುಸುಗುಸು ಶುರುವಾಯಿತು, ಷೆವಲಿಯರ್ ಡಿಯೋನ್ ನಿಜಕ್ಕೂ ಹೆಂಗಸಂತೆ ಎಂದು. ಗಾಳಿಮಾತಿಗೆ ಡಿಯೋನ್ ತಾವೇ ಗಾಳಿ ಹಾಕಿದ್ದರು ಎನ್ನುವ ಇತಿಹಾಸಕಾರರೂ ಇದ್ದಾರೆ. ಅವರ ಗ್ರಂಥಾಲಯದಲ್ಲಿ ಹೆಂಗಸರ ಬಗ್ಗೆ, ಹೆಂಗಸರ ಸಾಮರ್ಥ್ಯದ ಬಗ್ಗೆ ಬರೆದ ಪುಸ್ತಕಗಳ ದೊಡ್ಡ ಸಂಗ್ರಹವಿತ್ತು. ಗಂಡಸಿನ ಕವಚ ತೊಟ್ಟು ಫ್ರೆಂಚ್ ಸೈನ್ಯವನ್ನು ಮುನ್ನಡೆಸಿದ ಜೋನ್ ಆಫ್ ಆರ್ಕ್ ಅವರಿಗೆ ಆದರ್ಶ. ಗಾಳಿಮಾತು ಕೇಳಿದ ಲಂಡನ್ ಸುಮ್ಮನಿರಲಿಲ್ಲ. ಷೇರುಪೇಟೆಯ ಜನ ಅದಕ್ಕೆ ದರ ಕಟ್ಟಿದರು. ಇನ್ಶೂರೆನ್ಸ್ ಪಾಲಿಸಿಯ ಹಾಗೆ ಕಾಗದ ಬರೆದುಕೊಂಡರು: ಈಗ 15 ಗಿನಿ ಕೊಡು, ಡಿಯೋನ್ ಹೆಣ್ಣೆಂದು ಸಾಬೀತಾದ ದಿನ ನಿನಗೆ 100 ಗಿನಿ. ಡಿಯೋನ್‌ಗೆ ಸಿಟ್ಟು ಬಂತು. 1771ರಲ್ಲಿ ಕೈಯಲ್ಲಿ ಬೆತ್ತ ಹಿಡಿದು ಬಾಜಿದಾರರು ಸೇರುವ ಕಾಫಿ ಹೌಸಿಗೆ ಹೋಗಿ, ಧೈರ್ಯವಿದ್ದವರು ಎದುರಿಗೆ ಬನ್ನಿ ಎಂದು ಸವಾಲು ಹಾಕಿದರು. ಯಾರೂ ಬರಲಿಲ್ಲ. ಬಾಜಿ ನಿಲ್ಲಲೂ ಇಲ್ಲ. ದೇಹ ಪರೀಕ್ಷೆಗೆ ಒಪ್ಪಿದರೆ ಎಲ್ಲ ಮುಗಿಯುತ್ತಿತ್ತು. ಅವರು ಒಪ್ಪಲಿಲ್ಲ. ಉತ್ತರ ಯಾವುದು ಬಂದರೂ ಪರೀಕ್ಷೆಯೇ ಅವಮಾನ ಎಂಬುದು ಅವರ ನಿಲುವು.

1774ರಲ್ಲಿ ಹದಿನೈದನೇ ಲೂಯಿ ತೀರಿಕೊಂಡ. ಹೊಸ ದೊರೆ ಹದಿನಾರನೇ ಲೂಯಿಗೆ ಆ ಗುಪ್ತ ಕಾಗದಗಳು ವಾಪಸ್ ಬೇಕಾಗಿದ್ದವು. ಮಾತುಕತೆಗೆ ಕಳಿಸಿದ್ದು ನಾಟಕಕಾರ ಬೋಮಾರ್ಶೆಯನ್ನು. 1775ರ ಕೊನೆಯಲ್ಲಿ ಇಬ್ಬರೂ ಒಂದು ಕರಾರಿಗೆ ಸಹಿ ಹಾಕಿದರು. ನಾವು ಪಾಠದಲ್ಲಿ ಓದುವ ಪ್ರಸ್ತಾವ, ಸಮ್ಮತಿ, ಪ್ರತಿಫಲ ಎಲ್ಲವೂ ಅದರಲ್ಲಿದೆ. ಡಿಯೋನ್ ಕಾಗದಗಳನ್ನು ಒಪ್ಪಿಸಬೇಕು, ತಾನು ಹೆಣ್ಣೆಂದು ಘೋಷಿಸಬೇಕು, ಇನ್ನು ಮುಂದೆ ಹೆಂಗಸಿನ ಉಡುಪಿನಲ್ಲೇ ಇರಬೇಕು. ಬದಲಿಗೆ ಪಿಂಚಣಿ ಮುಂದುವರಿಯುತ್ತದೆ, ಸ್ವದೇಶಕ್ಕೆ ಮರಳಬಹುದು. ಇದರ ಜೊತೆಗೆ ಡಿಯೋನ್ ಹಟ ಹಿಡಿದು ಸೇರಿಸಿದ್ದು ಪದಕದ ವಿಷಯ. ಸೇಂಟ್ ಲೂಯಿ ಶಿಲುಬೆಯನ್ನು ಹೆಂಗಸಿನ ಉಡುಪಿನ ಮೇಲೂ ಧರಿಸುವ ಹಕ್ಕು ಅವರಿಗೆ ಸಿಕ್ಕಿತು. ಗಂಡಸಿನ ಬಟ್ಟೆಗಳಲ್ಲಿ ಒಂದು ಜೊತೆ ಡ್ರಗೂನ್ ಸಮವಸ್ತ್ರ ಮತ್ತು ಆಯುಧಗಳನ್ನು ನೆನಪಿಗೆಂದು ಇಟ್ಟುಕೊಳ್ಳಬಹುದಿತ್ತು. ಇಟ್ಟುಕೊಳ್ಳಬಹುದು, ತೊಡುವಂತಿಲ್ಲ.

ಈ ಕರಾರಿನ ಪ್ರಕಾರ ಡಿಯೋನ್ ಹುಟ್ಟಿದಾಗಿನಿಂದ ಹೆಣ್ಣು. ಅವರೂ ಮುಂದೆ ಹಾಗೆಯೇ ಬರೆದರು, ಆಸ್ತಿಗೆ ಗಂಡು ವಾರಸುದಾರ ಬೇಕಿದ್ದರಿಂದ ತಂದೆ ತಮ್ಮನ್ನು ಹುಡುಗನಾಗಿ ಬೆಳೆಸಿದರು ಎಂದು. ಅದು ನಿಜವಲ್ಲ. ಆದರೆ ಆ ಕಾಲದಲ್ಲಿ ಹೆಣ್ಣಾಗಿ ಬಾಳಬೇಕೆಂದರೆ ಹೇಳಲು ಇನ್ನಾವ ಮಾತು ಇತ್ತು? ಪುರುಷನ ದೇಹದಲ್ಲಿ ಹುಟ್ಟಿ ಸ್ತ್ರೀಯಾಗಿ ಬದುಕುತ್ತೇನೆ ಎಂದರೆ ಯಾವ ದೊರೆಯೂ ಸಹಿ ಹಾಕುತ್ತಿರಲಿಲ್ಲ.

1777ರ ಜುಲೈನಲ್ಲಿ ಬಾಜಿ ಕೋರ್ಟಿಗೆ ಬಂತು. ಹೇಯ್ಸ್ ಎಂಬ ಸರ್ಜನ್, ಜಾಕ್ಸ್ ಎಂಬ ದಲ್ಲಾಳಿಯಿಂದ ಗೆದ್ದ ಹಣ ಕೇಳಿ ಹಾಕಿದ ದಾವೆ. ನ್ಯಾಯಾಧೀಶರು ಲಾರ್ಡ್ ಮ್ಯಾನ್ಸ್‌ಫೀಲ್ಡ್. ಸಾಕ್ಷಿಗಳು ಬಂದು ಡಿಯೋನ್ ಹೆಣ್ಣೆಂದು ಪ್ರಮಾಣ ಮಾಡಿದರು, ಜ್ಯೂರಿ ಒಪ್ಪಿತು. ಡಿಯೋನ್ ಕಟಕಟೆಯಲ್ಲಿ ಇರಲೇ ಇಲ್ಲ. ಮರುವರ್ಷ, 1778ರಲ್ಲಿ, ಡಾ ಕೋಸ್ಟಾ ಮತ್ತು ಜೋನ್ಸ್ ನಡುವಿನ ಇಂಥದ್ದೇ ಇನ್ನೊಂದು ಮೊಕದ್ದಮೆಯಲ್ಲಿ ಅದೇ ಮ್ಯಾನ್ಸ್‌ಫೀಲ್ಡ್ ಬೇರೆ ದಾರಿ ಹಿಡಿದರು. ಇಬ್ಬರು ಬಾಜಿ ಕಟ್ಟಿ ಅದಕ್ಕೆ ಸಂಬಂಧವೇ ಇಲ್ಲದ ಮೂರನೆಯ ವ್ಯಕ್ತಿಯ ಮಾನಕ್ಕೆ ಧಕ್ಕೆ ತರುವ, ಕೋರ್ಟಿನಲ್ಲಿ ಅಸಭ್ಯ ಸಾಕ್ಷ್ಯ ಕೇಳಿಸುವ ಒಪ್ಪಂದವನ್ನು ಕಾನೂನು ಎತ್ತಿಹಿಡಿಯುವುದಿಲ್ಲ ಎಂದು ತೀರ್ಪು ಕೊಟ್ಟರು. ಆ ಕಾಲದ ಇಂಗ್ಲೆಂಡಿನಲ್ಲಿ ಎಲ್ಲ ಬಾಜಿಯೂ ಅನೂರ್ಜಿತವಾಗಿರಲಿಲ್ಲ. ಇದು ಅನೂರ್ಜಿತವಾಗಿದ್ದು ನಡುವೆ ಒಬ್ಬ ಮನುಷ್ಯರಿದ್ದರು ಎಂಬ ಕಾರಣಕ್ಕೆ. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಡಿಯೋನ್‌ಗೆ ಸಿಕ್ಕ ನ್ಯಾಯ ಎಂದರೆ ಇದೊಂದೇ, ಅದೂ ಅವರು ಕೇಳದೆ ಸಿಕ್ಕಿದ್ದು.

ಅಷ್ಟರಲ್ಲಿ ಡಿಯೋನ್ ಫ್ರಾನ್ಸಿಗೆ ಹೋಗಿದ್ದರು. 1777ರ ಆಗಸ್ಟಿನಲ್ಲಿ ವರ್ಸೇಲ್ಸ್‌ಗೆ ಬಂದದ್ದು ಗೌನಿನಲ್ಲಲ್ಲ, ಡ್ರಗೂನ್ ಸಮವಸ್ತ್ರದಲ್ಲಿ! ಕರಾರಿಗೆ ಸಹಿ ಹಾಕಿ ಎರಡು ವರ್ಷವಾಗಿತ್ತು. ದೊರೆ ಕೂಡಲೇ ಆಜ್ಞೆ ಹೊರಡಿಸಿದ: ಹೆಂಗಸಿನ ಉಡುಪು ತೊಡಬೇಕು, ಸಮವಸ್ತ್ರ ನಿಷಿದ್ಧ. ರಾಣಿ ಮೇರಿ ಆಂಟೊನೆಟ್ ತನ್ನ ದರ್ಜಿ ರೋಸ್ ಬೆರ್ತಾಂಳಿಂದಲೇ ಉಡುಪು ಹೊಲಿಸಿಕೊಟ್ಟಳು. ಚಳಿಗಾಲದ ಹೊತ್ತಿಗೆ ಡಿಯೋನ್ ಪೂರ್ತಿ ಅಲಂಕಾರದಲ್ಲಿ ಆಸ್ಥಾನಕ್ಕೆ ಬಂದರು, ಎದೆಯ ಮೇಲೆ ಶಿಲುಬೆ ಪದಕ. ಈಗ ಅವರು ಷೆವಲಿಯೇರ್, ಅಂದರೆ ಷೆವಲಿಯರ್ ಎಂಬುದರ ಸ್ತ್ರೀಲಿಂಗ. ಎತ್ತರದ ಹಿಮ್ಮಡಿಯಲ್ಲಿ ನಡೆಯುವುದು, ಭಾರದ ಲಂಗ ಸಂಭಾಳಿಸುವುದು ಕಷ್ಟವಾಯಿತು ಎಂದು ಅವರೇ ದೂರಿದ್ದಾರೆ. ಕುದುರೆ ಏರಿದವರ ಬೀಸುಹೆಜ್ಜೆ ಹೋಗಲಿಲ್ಲ ಎಂದು ಆಸ್ಥಾನದವರು ನಕ್ಕರು.

ಇಲ್ಲಿ ನನ್ನದೊಂದು ಸಣ್ಣ ಅನುಭವ ಹೇಳುತ್ತೇನೆ. ನಾನು ಎನ್‌ಸಿಸಿ ಕೆಡೆಟ್. ಕಳೆದ ಈದ್ ಆಗಿ ಎರಡು ದಿನಕ್ಕೆ ಪರೇಡ್ ಇತ್ತು. ಬೆಲ್ಟಿನ ಬಕಲ್ ಬ್ರಾಸೋ ಹಾಕಿ ಉಜ್ಜುತ್ತಿದ್ದಾಗ ಕೈತುಂಬ ಮೆಹಂದಿ ಕಾಣಿಸಿತು. ಚಾಂದ್ ರಾತ್‌ನಲ್ಲಿ ಚಿಕ್ಕಮ್ಮ ಎರಡು ಗಂಟೆ ಕೂತು ಹಾಕಿದ ಮೆಹಂದಿ. ಸಾಲಿನಲ್ಲಿ ನಿಂತಾಗ ಮುಷ್ಟಿ ಬಿಗಿಹಿಡಿದು ಬಚ್ಚಿಟ್ಟೆ, ಸೆಲ್ಯೂಟ್ ಹೊಡೆಯುವಾಗ ಬಚ್ಚಿಡಲಾಗಲಿಲ್ಲ. ಯಾರೂ ಏನೂ ಅನ್ನಲಿಲ್ಲ. ಆದರೂ ಯಾಕೆ ಬಚ್ಚಿಟ್ಟೆ ಎಂದು ಮನೆಗೆ ಬಂದು ಯೋಚಿಸಿದೆ. ಡಿಯೋನ್ ಕಷ್ಟದ ಮುಂದೆ ಇದು ಏನೂ ಅಲ್ಲ, ಗೊತ್ತು. ಆದರೆ ಸಮವಸ್ತ್ರ ಗೌನು ಎರಡೂ ನನ್ನವೇ ಎಂದು ಅವರು ಹಟ ಹಿಡಿದದ್ದನ್ನು ಓದಿದಾಗ ನೆನಪಾದದ್ದು ಆ ಮುಷ್ಟಿ.

1778ರಲ್ಲಿ ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಫ್ರಾನ್ಸ್ ಇಳಿಯಿತು. ಡಿಯೋನ್‌ಗೆ ಐವತ್ತು ವರ್ಷ. ಮತ್ತೆ ಯುದ್ಧಕ್ಕೆ ಹೋಗುತ್ತೇನೆ, ಅನುಮತಿ ಕೊಡಿ ಎಂದು ಮಂತ್ರಿಗಳಿಗೆ ಬರೆದರು. ಅವರು ಬಿಟ್ಟುಕೊಡಲು ಒಪ್ಪಿದ್ದು ಗಂಡಸು ಎಂಬ ಹೆಸರನ್ನು, ಸೈನಿಕ ಎಂಬ ಹೆಸರನ್ನಲ್ಲ. ಸರ್ಕಾರಕ್ಕೆ ಎರಡೂ ಒಂದೇ ಆಗಿತ್ತು. 1779ರಲ್ಲಿ ಅವರನ್ನು ಬಂಧಿಸಿ ದಿಜೋನ್ ಕೋಟೆಯಲ್ಲಿ ಕೆಲವು ವಾರ ಇಟ್ಟರು. ಮತ್ತೆ ಗಂಡಸಿನ ಉಡುಪು ತೊಡುವುದಿಲ್ಲ ಎಂದು ಒಪ್ಪಿದ ಮೇಲೆ ಬಿಟ್ಟು, ತೊನೇರ್‌ಗೆ ಕಳಿಸಿದರು. ಅಲ್ಲಿ ತಾಯಿಯ ಜೊತೆ ಆರು ವರ್ಷ. ಹುಟ್ಟಿದಾಗ ಎತ್ತಿ ಆಡಿಸಿದ ತಾಯಿಗೆ ಸತ್ಯ ತಿಳಿಯದೇ ಇರಲು ಸಾಧ್ಯವೇ ಇಲ್ಲ. ಅಮ್ಮ ಮಗು ಆ ಆರು ವರ್ಷ ಏನು ಮಾತಾಡಿಕೊಂಡರೋ!

1785ರಲ್ಲಿ ಲಂಡನ್ನಿಗೆ ವಾಪಸ್. ಇಲ್ಲಿ ಸಮವಸ್ತ್ರದ ಆಜ್ಞೆ ಹೇರುವ ದೊರೆ ಇರಲಿಲ್ಲ. ಆದರೂ ಡಿಯೋನ್ ಹೆಂಗಸಾಗಿಯೇ ಉಳಿದರು. ಇದನ್ನು ಗಮನಿಸಬೇಕು. ಹಣಕ್ಕಾಗಿ, ಒತ್ತಾಯಕ್ಕಾಗಿ ಮಾತ್ರ ಉಟ್ಟ ಉಡುಪಾಗಿದ್ದರೆ ತೆಗೆದಿಡಲು ಈಗ ಅಡ್ಡಿಯೇನೂ ಇರಲಿಲ್ಲ.

9 ಏಪ್ರಿಲ್ 1787. ಲಂಡನ್ನಿನ ಕಾರ್ಲ್ಟನ್ ಹೌಸ್. ಯುವರಾಜನ ಎದುರು ಕತ್ತಿವರಸೆಯ ಪಂದ್ಯ. ಒಂದು ಕಡೆ ಷೆವಲಿಯರ್ ಸೇಂಟ್ ಜಾರ್ಜ್, ಗ್ವಾಡಲೂಪ್ ದ್ವೀಪದ ಗುಲಾಮ ಹೆಂಗಸೊಬ್ಬಳ ಮಗ, ದೊಡ್ಡ ಸಂಗೀತಕಾರ, ಯೂರೋಪಿನ ಹೆಸರಾಂತ ಕತ್ತಿವರಸೆಗಾರ. ವಯಸ್ಸು ನಲವತ್ತರ ಆಸುಪಾಸು. ಇನ್ನೊಂದು ಕಡೆ 58 ವರ್ಷದ ಡಿಯೋನ್, ಕಪ್ಪು ಗೌನು, ತಲೆಗೆ ಟೋಪಿ, ಎದೆಗೆ ಅದೇ ಪದಕ. ಮೂರು ಲಂಗಗಳ ಭಾರ ಹೊತ್ತುಕೊಂಡೇ ಡಿಯೋನ್ ಎದುರಾಳಿಗೆ ಕತ್ತಿ ತಾಗಿಸಿದರು. ಆ ಪಂದ್ಯದ ಚಿತ್ರವನ್ನು ರೊಬಿನೋ ಎಂಬ ಕಲಾವಿದ ಬರೆದಿದ್ದಾನೆ. ಒಬ್ಬರನ್ನು ಮೈಬಣ್ಣಕ್ಕಾಗಿ, ಇನ್ನೊಬ್ಬರನ್ನು ಉಡುಪಿಗಾಗಿ ನೋಡಲು ಜನ ಬಂದಿದ್ದರೇನೋ. ಇಬ್ಬರಿಗೂ ಕೈಯಲ್ಲಿ ವಿದ್ಯೆ ಇತ್ತು.

1789ರಲ್ಲಿ ಫ್ರೆಂಚ್ ಕ್ರಾಂತಿ. ರಾಜನ ಖಜಾನೆಯಿಂದ ಬರುತ್ತಿದ್ದ ಪಿಂಚಣಿ ನಿಂತಿತು. ಡಿಯೋನ್ ಕ್ರಾಂತಿಯನ್ನು ದ್ವೇಷಿಸಲಿಲ್ಲ. 1792ರಲ್ಲಿ, 63ನೇ ವಯಸ್ಸಿನಲ್ಲಿ, ಫ್ರಾನ್ಸಿನ ರಾಷ್ಟ್ರೀಯ ಸಭೆಗೆ ಅರ್ಜಿ ಬರೆದರು: ಹೆಂಗಸರ ಒಂದು ದಳವನ್ನು ಕಟ್ಟಿ ಆಸ್ಟ್ರಿಯಾ ವಿರುದ್ಧ ಮುನ್ನಡೆಸಲು ತಾವು ಸಿದ್ಧ. ಗಮನಿಸಿ, ಈ ಸಲ ಗಂಡಸಿನ ಸಮವಸ್ತ್ರದಲ್ಲಿ ಹೋಗುತ್ತೇನೆ ಎಂದಲ್ಲ, ಹೆಂಗಸಾಗಿ, ಹೆಂಗಸರ ಮುಂದಾಳಾಗಿ. ಅರ್ಜಿ ಕೈಗೂಡಲಿಲ್ಲ.

ಮುಂದಿನದು ಕಷ್ಟದ ಲೆಕ್ಕ. ಪ್ರೀತಿಯ ಪುಸ್ತಕಗಳು ಹರಾಜಾದವು. ಹೊಟ್ಟೆಪಾಡಿಗೆ ಊರೂರು ಸುತ್ತಿ ಕತ್ತಿವರಸೆ ಪ್ರದರ್ಶನ ಕೊಟ್ಟರು, ಗೌನಿನಲ್ಲೇ. 1796ರಲ್ಲಿ ಸೌತಾಂಪ್ಟನ್ನಿನಲ್ಲಿ ಎದುರಾಳಿಯ ಕತ್ತಿ ಮುರಿದು ಕಂಕುಳಲ್ಲಿ ಆಳವಾಗಿ ಚುಚ್ಚಿತು. ಅಲ್ಲಿಗೆ ಅದೂ ಮುಗಿಯಿತು. ಆಗ 67 ವರ್ಷ. ಆಮೇಲೆ ಮಿಸೆಸ್ ಕೋಲ್ ಎಂಬ ವಿಧವೆಯ ಜೊತೆ ಒಂದೇ ಮನೆಯಲ್ಲಿ, ಇಬ್ಬರು ಬಡ ಮುದುಕಿಯರ ಹಾಗೆ, ಸುಮಾರು ಹದಿನಾಲ್ಕು ವರ್ಷ ಕಳೆದರು. 1804ರಲ್ಲಿ ಸಾಲಕ್ಕಾಗಿ ಐದು ತಿಂಗಳು ಜೈಲಿನಲ್ಲಿದ್ದರು. ಆತ್ಮಕಥೆಗಾಗಿ ರಾಶಿ ಕಾಗದ ಬರೆದರು, ಪುಸ್ತಕವಾಗಲಿಲ್ಲ. ಆ ಹಸ್ತಪ್ರತಿಗಳು ಈಗ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿವೆ.

21 ಮೇ 1810ರಂದು, 81ನೇ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ತೀರಿಕೊಂಡರು. ಶವಕ್ಕೆ ಬಟ್ಟೆ ಹಾಕಲು ಹೋದಾಗ ಮಿಸೆಸ್ ಕೋಲ್‌ಗೆ ಗೊತ್ತಾಯಿತು. ಕೋಪ್‌ಲ್ಯಾಂಡ್ ಎಂಬ ಸರ್ಜನ್ ಸಾಕ್ಷಿಗಳ ಎದುರು ಪರೀಕ್ಷಿಸಿ, ದೇಹ ಗಂಡಿನದು ಎಂದು ಬರೆದುಕೊಟ್ಟರು. ಬದುಕಿದ್ದಾಗ ಯಾವ ಪರೀಕ್ಷೆಗೆ ಒಪ್ಪಲಿಲ್ಲವೋ ಅದು ಸತ್ತ ಮೇಲೆ ಆಯಿತು. ನಮ್ಮಲ್ಲಿ ಮಯ್ಯತ್‌ಗೆ ಸ್ನಾನ ಮಾಡಿಸುವವರು ಅಲ್ಲಿ ಕಂಡದ್ದನ್ನು ಹೊರಗೆ ಹೇಳಬಾರದು ಎಂದು ಅಮ್ಮಿ ಹೇಳಿಕೊಟ್ಟಿದ್ದಾರೆ. ಇದನ್ನು ಓದುವಾಗ ಆ ಮಾತೇ ಕಿವಿಯಲ್ಲಿತ್ತು. ಅವರನ್ನು ಸೇಂಟ್ ಪ್ಯಾಂಕ್ರಾಸ್ ಸ್ಮಶಾನದಲ್ಲಿ ಮಣ್ಣು ಮಾಡಿದರು.

49 ವರ್ಷ ಗಂಡಸಾಗಿ, 33 ವರ್ಷ ಹೆಂಗಸಾಗಿ ಬದುಕಿದವರು ಎಂದು ಅವರ ಬಗ್ಗೆ ಎಲ್ಲರೂ ಬರೆಯುತ್ತಾರೆ. ಬ್ಯಾಲೆನ್ಸ್ ಶೀಟಿನ ಎರಡು ಬದಿಯ ಹಾಗೆ ನಡುವೆ ಗೆರೆ ಎಳೆದ ಈ ಲೆಕ್ಕ ನನಗೆ ಸರಿ ಕಾಣುವುದಿಲ್ಲ. ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿ 1792ರ ಒಂದು ವರ್ಣಚಿತ್ರವಿದೆ, ಥಾಮಸ್ ಸ್ಟೀವರ್ಟ್ ಎಂಬ ಕಲಾವಿದನದು. ಬಹುಕಾಲ ಅದನ್ನು ಯಾರೋ ಅಪರಿಚಿತ ಮಹಿಳೆಯ ಚಿತ್ರ ಎಂದುಕೊಂಡಿದ್ದರು. ಕೊಳೆ ತೆಗೆದು ನೋಡಿದಾಗ ಗಲ್ಲದ ಮೇಲೆ ಗಡ್ಡದ ನೆರಳು ಕಾಣಿಸಿತು. 2012ರಲ್ಲಿ ಗ್ಯಾಲರಿ ಅದನ್ನು ಕೊಂಡಿತು. ಕಪ್ಪು ಗೌನು, ಗರಿಯ ಟೋಪಿ, ಎದೆಯ ಮೇಲೆ ಸೇಂಟ್ ಲೂಯಿ ಶಿಲುಬೆ. ಮುಖದಲ್ಲಿ ನಾಚಿಕೆಯೂ ಇಲ್ಲ, ಜಂಬವೂ ಇಲ್ಲ. ಸ್ವಲ್ಪ ದಣಿದ ಹಾಗೆ ಕಾಣುತ್ತಾರೆ ಅಷ್ಟೇ.

ಆ ಚಿತ್ರವನ್ನು ಫೋನಿನಲ್ಲಿ ನಾನೀಮಾಗೆ ತೋರಿಸಿ ಕಥೆ ಪೂರ್ತಿ ಮಾಡಿದೆ. ಗಯಾ, ಗಯೀ ಎರಡನ್ನೂ ಬೆರೆಸಿಯೇ ಹೇಳಿದೆ, ಈ ಸಲ ಅವರು ತಡೆಯಲಿಲ್ಲ. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದ್ದು ಗಂಡೋ ಹೆಣ್ಣೋ ಎಂದಲ್ಲ. ಆ ಪಿಂಚಣಿ ಮತ್ತೆ ಶುರುವಾಯಿತಾ ಎಂದು ಕೇಳಿದರು. ಇಲ್ಲ ಎಂದೆ.